ಮಿತವ್ಯಯದ ಸ್ಟೀರಿಯೋ ಮತ್ತು ನಮ್ಮ ಕಿವಿ

ಮನೆಯಲ್ಲಿ ಸಂಗೀತ ಕೇಳುವ ಸಾಧನವೊಂದಿರಬೇಕೆಂಬುದು ಇಂದು ವಿಲಾಸದ ಬಯಕೆಯಾಗಿ ಉಳಿದಿಲ್ಲ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಈ ಮಹಾನಗರದಲ್ಲಿ ನೆಲೆಸಿದ ನಮಗೆ ಗಂಗೂಬಾಯಿ ಹಾನಗಲ್ಲರ ಗಂಭೀರ ಕಂಠ, ಪಿ. ಕಾಳಿಂಗರಾಯರ ಭಾವಗೀತೆ, ಯಕ್ಷಗಾನದ ಚೆಂಡೆಯ ನಾದ ಇವು ತವರಿನ ನಂಟನ್ನು ಉಳಿಸಿಕೊಡುತ್ತವೆ. ಮುಂಬಯಿಯಲ್ಲಿಯೇ ಹುಟ್ಟಿ ಬೆಳೆಯುವ ಮಕ್ಕಳ ಕಿವಿಗೆ ಕನ್ನಡ ಬೀಳುವ ಕೆಲವೇ ಮಾರ್ಗಗಳಲ್ಲಿ ಹಾಡೂ ಒಂದು. ಆದುದರಿಂದ ಕಡಿಮೆ ಬೆಲೆಯ ಸ್ಟೀರಿಯೋ ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ಇದು: ಮೆಲ್ಲಗೆ ಹಾಡಿದಾಗಲೂ ಅದರಲ್ಲಿ ಸಾಹಿತ್ಯ ಸ್ಪಷ್ಟವಾಗಿ ತಿಳಿಯುತ್ತದೆಯೆ?

ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿಗಳು ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಅಗ್ಗದ ಯಂತ್ರಗಳ ಮೇಲೆ ‘ಪಿ.ಎಂ.ಪಿ.ಓ.’ ಎಂಬ ಹೆಸರಿನಲ್ಲಿ ಸಾವಿರಾರು ವ್ಯಾಟುಗಳನ್ನು ನಮೂದಿಸುವ ಪದ್ಧತಿಯುಂಟು. ವಾಣಿಜ್ಯಶಾಸ್ತ್ರ ಓದಿದವರು ಇದನ್ನು ಕಂಪನಿಯೊಂದರ ಅಧಿಕೃತ ಬಂಡವಾಳಕ್ಕೆ ಹೋಲಿಸಬಹುದು. ಕಾಗದದ ಮೇಲೆ ಅದು ಎಷ್ಟಾದರೂ ಇರಬಹುದು. ‘ಆರ್.ಎಂ.ಎಸ್.’ ವ್ಯಾಟುಗಳು ಪಾವತಿಯಾದ ಬಂಡವಾಳವಿದ್ದಂತೆ, ವಿಚಾರಿಸಬೇಕಾದುದು ಅದನ್ನೇ. ಅಲ್ಲಿಯೂ ಹೆಚ್ಚು ಆಸೆ ಪಡಬೇಕಾಗಿಲ್ಲ. ಶಕ್ತಿಯನ್ನು ಇಮ್ಮಡಿಗೊಳಿಸಿದರೆ ಧ್ವನಿ ಏರುವುದು ಕೇವಲ 3 ಡೆಸಿಬೆಲ್. ಕಿವಿಗೆ ಸದ್ದು ಎರಡರಷ್ಟಾಯಿತು ಎನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 87 ಡೆಸಿಬೆಲ್ ಧ್ವನಿ ಕೊಡುವ ಸಾಧಾರಣ ಸ್ಪೀಕರು ನಮ್ಮ ಹತ್ತು-ಹನ್ನೆರಡು ಅಡಿಗಳ ಕೋಣೆಯನ್ನು ಒಂದೆರಡು ವ್ಯಾಟುಗಳಲ್ಲಿಯೇ ತುಂಬಿಬಿಡುತ್ತದೆ. ಹೀಗಾಗಿ ಆಯವ್ಯಯದ ಬಹುಪಾಲನ್ನು ವ್ಯಾಟುಗಳಿಗೆ ಸುರಿಯದೆ, ಅರ್ಧದಷ್ಟನ್ನಾದರೂ ಸ್ಪೀಕರುಗಳಿಗೆ ಮೀಸಲಿಡುವುದು ಜಾಣತನ.

ಧ್ವನಿಯ ಗುಣವನ್ನು ಅಳೆಯಲು ಮಾಟುಂಗದವರಿಗೆ ಬೇರೆ ಉಪಕರಣ ಬೇಕಿಲ್ಲ. 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಷನ್ ಭಾವುದಾಜಿ ರಸ್ತೆಯಲ್ಲಿದೆ. 1963ರಲ್ಲಿ ಆರಂಭವಾಗಿ, 1990ರ ಬೆಂಕಿಗೆ ತುತ್ತಾಗಿ, 1998ರಲ್ಲಿ ಮತ್ತೆ ಬಾಗಿಲು ತೆರೆದ ಷಣ್ಮುಖಾನಂದ ಸಭಾಗೃಹ ಕಿಂಗ್ಸ್ ಸರ್ಕಲ್ಲಿನ ಬಳಿಯೇ ಇದೆ. ಕಲಾವಿದರ ಎದುರು ಕುಳಿತು ತಂಬೂರಿಯ ಝೇಂಕಾರವನ್ನೂ ಗಾಯಕನ ಉಸಿರನ್ನೂ ಕೇಳಿದವರ ನೆನಪೇ ಉತ್ತಮ ಮಾಪನ. ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗೆ ಹೋಗುವಾಗ ಚಿರಪರಿಚಿತವಾದ ಮೂರು ಹಾಡುಗಳನ್ನು ಜೊತೆಯಲ್ಲಿ ಒಯ್ಯಬೇಕು. ಅಂಗಡಿಯವರು ಹಾಕುವ ಅಬ್ಬರದ ಹಾಡನ್ನು ನಂಬಬಾರದು.

ಮೊದಲನೆಯದು ಹಳೆಯ ಮೋನೋ ಧ್ವನಿಮುದ್ರಣ. ಎರಡು ಸ್ಪೀಕರುಗಳ ನಡುವೆ ಏನೂ ಇಲ್ಲದ ಜಾಗದಿಂದಲೇ ಅದರ ಕಂಠ ಹೊರಡುವಂತೆ ಕೇಳಿಸಬೇಕು. ಕಂಠ ಚದುರಿ, ಮಂದ್ರಸ್ವರ ಸೊರಗಿದ್ದರೆ ಒಂದು ಸ್ಪೀಕರಿನ ತಂತಿಗಳು ತಿರುವುಮುರುವಾಗಿರುವ ಸಂಭವವುಂಟು. ಎರಡನೆಯದು ಚೆಂಡೆ ಅಥವಾ ಮೃದಂಗ. ಪ್ರತಿಯೊಂದು ಪೆಟ್ಟೂ ಬೇರೆಬೇರೆಯಾಗಿ ಬಿದ್ದು ನಿಲ್ಲಬೇಕು, ಗುಡುಗಿನಂತೆ ಉರುಳಬಾರದು. ಮೂರನೆಯದು ಸಾಹಿತ್ಯ ಪ್ರಧಾನವಾದ ಗೀತೆ. ಸದ್ದನ್ನು ಸಾಧಾರಣ ಮಾತಿನ ಮಟ್ಟಕ್ಕೆ ತಗ್ಗಿಸಿ ಆಲಿಸಬೇಕು. ‘ಸ’, ‘ಶ’, ‘ಚ’ಗಳು ಸೀಟಿಯಂತೆ ಚುಚ್ಚದೆ, ಮಸುಕೂ ಆಗದೆ ಕೇಳಿಸಿದರೆ ಆ ಯಂತ್ರ ಉತ್ತೀರ್ಣವಾಯಿತೆಂದೇ ತಿಳಿಯಬಹುದು.

ಮನೆಗೆ ತಂದ ಮೇಲೆ ಖರ್ಚಿಲ್ಲದ ಸುಧಾರಣೆಗಳು ಹಲವುಂಟು. ಸ್ಪೀಕರುಗಳು ಮತ್ತು ಕೇಳುವವರ ಆಸನ ಸಮಬಾಹು ತ್ರಿಕೋನದ ಮೂರು ಮೂಲೆಗಳಂತಿರಲಿ. ಟ್ವೀಟರು ಕಿವಿಯ ಮಟ್ಟದಲ್ಲಿರಲಿ. ಸ್ಪೀಕರನ್ನು ಗೋಡೆಗಳು ಕೂಡುವ ಮೂಲೆಗೆ ತಳ್ಳಿದರೆ ಮಂದ್ರಸ್ವರ ಉಬ್ಬಿ ಮಾತನ್ನು ನುಂಗುತ್ತದೆ. ಬರಿಯ ಟೈಲ್ಸ್ ನೆಲದ ಪ್ರತಿಧ್ವನಿಯನ್ನು ಜಮಖಾನೆ, ಪರದೆ, ಪುಸ್ತಕಗಳ ಕಪಾಟು ತಗ್ಗಿಸುತ್ತವೆ. ಸವಕಳಿಯ ಲೆಕ್ಕವನ್ನೂ ಮರೆಯಬಾರದು. ಸ್ಪೀಕರಿನ ಅಂಚಿಗೆ ಫೋಮ್ ಇದ್ದರೆ ನಮ್ಮ ತೇವದ ಹವೆಯಲ್ಲಿ ಅದು ಕೆಲವು ವರ್ಷಗಳಲ್ಲಿಯೇ ಪುಡಿಯಾಗಬಹುದು. ರಬ್ಬರಿನ ಅಂಚು ಹೆಚ್ಚು ಬಾಳಿಕೆ ಬರುತ್ತದೆ.

ಇನ್ನು ಆರೋಗ್ಯದ ಮಾತು. ಮಾತು ಅಸ್ಪಷ್ಟವಾದಾಗ ನಾವೆಲ್ಲರೂ ಮಾಡುವ ಕೆಲಸವೆಂದರೆ ಸದ್ದು ಹೆಚ್ಚಿಸುವುದು. ಕಳಪೆ ಯಂತ್ರದ ನಿಜವಾದ ಬೆಲೆಯನ್ನು ಕಿವಿ ತೆರುವುದು ಇಲ್ಲಿಯೇ. 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆಗಳವರೆಗೆ ಕೇಳಬಹುದೆಂದೂ, 90 ಡೆಸಿಬೆಲ್ ಆದರೆ 4 ಗಂಟೆಗಳು ಮಾತ್ರವೆಂದೂ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ. ಅತಿಯಾದ ಸದ್ದಿನಿಂದ ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ.

ಮನೆಯ ಹಿರಿಯರು “ಹಾಡು ಕೇಳಿಸುತ್ತದೆ, ಆದರೆ ಮಾತು ತಿಳಿಯುವುದಿಲ್ಲ” ಎಂದರೆ ಯಂತ್ರವನ್ನೇ ದೂರಿ ಹೊಸದನ್ನು ತರುವ ಆತುರ ಬೇಡ. ವಯಸ್ಸಾದಂತೆ ಶ್ರವಣಶಕ್ತಿ ಮೊದಲು ಕುಂದುವುದು ಎತ್ತರದ ಸ್ವರಗಳಲ್ಲಿ. ‘ಸ’, ‘ಶ’ದಂತಹ ವ್ಯಂಜನಗಳ ಗುರುತು ಅಡಗಿರುವುದೂ ಅಲ್ಲಿಯೇ. ಸ್ವರಾಕ್ಷರಗಳ ಬಲ ಕೆಳಗಿನ ಸ್ತರದಲ್ಲಿರುವುದರಿಂದ ಹಾಡು ಕೇಳಿಸಿಯೂ ಅರ್ಥ ಜಾರಿಹೋಗುತ್ತದೆ. ಇಂತಹ ಸಂದರ್ಭದಲ್ಲಿ ಬೇಕಾದುದು ಶ್ರವಣ ಪರೀಕ್ಷೆ. ಒಂದೇ ಹಾಡನ್ನು ಮನೆಯ ಕಿರಿಯರಿಗೂ ಹಿರಿಯರಿಗೂ ಕೇಳಿಸಿ ನೋಡಿರಿ. ಇಬ್ಬರಿಗೂ ಮಾತು ತಿಳಿಯದಿದ್ದರೆ ದೋಷ ಯಂತ್ರದ್ದಿರಬಹುದು. ಹಿರಿಯರಿಗಷ್ಟೇ ತಿಳಿಯದಿದ್ದರೆ ವೈದ್ಯರನ್ನು ಕಾಣಬೇಕು. ಎಷ್ಟೋ ಮನೆಗಳಲ್ಲಿ ಹಿರಿಯರು ಮಾತುಕತೆಯಿಂದ ಮೆಲ್ಲಮೆಲ್ಲನೆ ದೂರ ಸರಿಯುವುದು ಈ ಕಾರಣದಿಂದಲೇ. ಸ್ಟೀರಿಯೋದ ಮುಂದೆ ಅದು ಬೇಗ ಪತ್ತೆಯಾದರೆ ಅದಕ್ಕಿಂತ ದೊಡ್ಡ ಲಾಭ ಬೇರೊಂದಿಲ್ಲ.

ಗೋಡೆಯಾಚೆಗೂ ಒಂದು ಸಂಸಾರವಿದೆಯೆಂಬುದನ್ನು ನೆನಪಿಡೋಣ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್ ಮಿತಿಯನ್ನು ಗೊತ್ತುಪಡಿಸಿವೆ. ಮೆಲುದನಿಯಲ್ಲಿಯೂ ಸಾಹಿತ್ಯವನ್ನು ಕೈಬಿಡದ ಸ್ಟೀರಿಯೋ ಎಷ್ಟೇ ಅಗ್ಗದ್ದಾದರೂ ಒಳ್ಳೆಯದೇ. ಅದು ನೆರೆಹೊರೆಯ ಸ್ನೇಹವನ್ನೂ ನಮ್ಮ ಕಿವಿಗಳನ್ನೂ ಮನೆಯೊಳಗಿನ ಕನ್ನಡವನ್ನೂ ಒಟ್ಟಿಗೆ ಕಾಪಾಡುತ್ತದೆ.