ದಂಡ ವ್ಯಾಪಾರವಾದ ಕಥೆ

1997ರ ಮಧ್ಯಭಾಗ. ಕ್ಯೋಟೋ ಸಮ್ಮೇಳನಕ್ಕೆ ಇನ್ನೂ ಆರು ತಿಂಗಳಿತ್ತು. ಆಗ ಬ್ರೆಜಿಲ್ ಸರ್ಕಾರ ವಿಶ್ವಸಂಸ್ಥೆಯ ಮುಂದೆ ಒಂದು ಪ್ರಸ್ತಾವ ಇಟ್ಟಿತು. ಹೊಗೆ ಇಳಿಸುತ್ತೇವೆಂದು ಮಾತು ಕೊಟ್ಟು ತಪ್ಪುವ ಶ್ರೀಮಂತ ದೇಶಗಳು ದಂಡ ಕಟ್ಟಬೇಕು. ಆ ಹಣವೆಲ್ಲ ಒಂದು ನಿಧಿಗೆ ಸೇರಬೇಕು. ಬಡ ದೇಶಗಳು ಆ ನಿಧಿಯಿಂದ ಹೊಗೆಯಿಲ್ಲದ ಅಭಿವೃದ್ಧಿಯ ದಾರಿ ಹಿಡಿಯಬೇಕು, ಒಂದು ಭಾಗವನ್ನು ಬರ ನೆರೆಗಳನ್ನು ತಾಳಿಕೊಳ್ಳಲು ಬಳಸಬೇಕು. ಯಾರ ಹೊಣೆ ಎಷ್ಟೆಂಬುದನ್ನು ಇವತ್ತಿನ ಹೊಗೆಯಿಂದ ಅಳೆಯದೆ, ತಲೆಮಾರುಗಳಿಂದ ಆಕಾಶದಲ್ಲಿ ಕೂಡಿಕೊಂಡು ಬಂದ ಒಟ್ಟು ಹೊಗೆಯಿಂದ ಅಳೆಯಬೇಕೆಂದೂ ಬ್ರೆಜಿಲ್ ಕೇಳಿತ್ತು.

ಇಷ್ಟು ನೇರವಾದ, ನ್ಯಾಯದ ಮಾತು ಹವಾಮಾನದ ಮಾತುಕತೆಗಳಲ್ಲಿ ಅದಕ್ಕೆ ಮುಂಚೆಯೂ ಬಂದದ್ದು ಕಡಿಮೆ, ಆಮೇಲೂ ಕಡಿಮೆ. ಅಭಿವೃದ್ಧಿಶೀಲ ದೇಶಗಳ ಗುಂಪು ಅದರ ಬೆನ್ನಿಗೆ ನಿಂತಿತು. ಆದರೆ ಡಿಸೆಂಬರ್‌ನಲ್ಲಿ ಕ್ಯೋಟೋದಲ್ಲಿ ಒಪ್ಪಂದವಾಗುವ ಹೊತ್ತಿಗೆ ದಂಡವೆಂಬುದೇ ಮಾಯವಾಗಿತ್ತು. ಅದರ ಜಾಗದಲ್ಲಿ 'ಸ್ವಚ್ಛ ಅಭಿವೃದ್ಧಿ ವ್ಯವಸ್ಥೆ' ಬಂದಿತ್ತು, ಎಲ್ಲರೂ ಈಗ ಸಿಡಿಎಂ ಎಂದು ಕರೆಯುವುದು ಇದನ್ನೇ. ಬಡ ದೇಶವೊಂದು ಒಂದು ಟನ್ ಇಂಗಾಲದ ಡೈಆಕ್ಸೈಡ್ ಉಳಿಸಿದರೆ ಅದಕ್ಕೊಂದು ಕ್ರೆಡಿಟ್. ಶ್ರೀಮಂತ ದೇಶ ಅದನ್ನು ಕೊಂಡು ತನ್ನ ಲೆಕ್ಕಕ್ಕೆ ಜಮಾ ಮಾಡಿಕೊಳ್ಳಬಹುದು. ತಪ್ಪು ಮಾಡಿದವರು ಕಟ್ಟಬೇಕಿದ್ದ ಹಣ, ಅಗ್ಗದಲ್ಲಿ ಸರಕು ಕೊಳ್ಳುವವರ ಹಣವಾಯಿತು. ಮುಂದಿನ ಕಾಲು ಶತಮಾನದ ಎಡವಟ್ಟುಗಳೆಲ್ಲ ಈ ಒಂದು ಬದಲಾವಣೆಯಿಂದಲೇ ಹುಟ್ಟಿದವು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ವ್ಯಾಪಾರದ ಯೋಚನೆ ಗಾಳಿಯಿಂದ ಬಂದದ್ದೇನಲ್ಲ. ಮಾಲಿನ್ಯದ ಹಕ್ಕನ್ನು ಮಿತಿಗೊಳಿಸಿ ಮಾರಬಹುದೆಂದು ಕೆನಡಾದ ಅರ್ಥಶಾಸ್ತ್ರಜ್ಞ ಜಾನ್ ಡೇಲ್ಸ್ 1968ರಲ್ಲೇ ಬರೆದಿದ್ದರು. ಅಮೆರಿಕ 1990ರಲ್ಲಿ ಕಾನೂನು ತಂದು, 1995ರಿಂದ ವಿದ್ಯುತ್ ಸ್ಥಾವರಗಳ ಗಂಧಕದ ಹೊಗೆಗೆ ಈ ಸೂತ್ರ ಹಾಕಿತು. ಆಮ್ಲ ಮಳೆ ನಿರೀಕ್ಷಿಸಿದ್ದಕ್ಕಿಂತ ಕಡಿಮೆ ಖರ್ಚಿನಲ್ಲಿ ತಗ್ಗಿತು. ಅದೇ ಹುಮ್ಮಸ್ಸಿನಲ್ಲಿ ಅಮೆರಿಕ ಕ್ಯೋಟೋದಲ್ಲಿ ಮಾರುಕಟ್ಟೆಗಾಗಿ ಪಟ್ಟು ಹಿಡಿಯಿತು. 2001ರಲ್ಲಿ ತಾನೇ ಆ ಒಪ್ಪಂದದಿಂದ ಹೊರನಡೆಯಿತು. ಒಪ್ಪಂದ ಜಾರಿಗೆ ಬಂದದ್ದು 2005ರ ಫೆಬ್ರುವರಿ 16ರಂದು. ಅದೇ ವರ್ಷದ ಜನವರಿಯಲ್ಲಿ ಯುರೋಪ್ ಒಕ್ಕೂಟ ತನ್ನ ಕಾರ್ಬನ್ ಮಾರುಕಟ್ಟೆಯನ್ನು ತೆರೆದಿತ್ತು. ಕೊಳ್ಳುವವರು ಅಲ್ಲಿ ಸಿದ್ಧರಾದರು, ಮಾರುವವರು ಚೀನಾ, ಭಾರತ, ಬ್ರೆಜಿಲ್‌ಗಳಲ್ಲಿ ಹುಟ್ಟಿಕೊಂಡರು.

ಹಾಗೆ ಹುಟ್ಟಿಕೊಂಡವರಲ್ಲಿ ನಮ್ಮ ಬಾಗೇಪಲ್ಲಿಯ ಕೂಲಿಕಾರ ಹೆಂಗಸರೂ ಇದ್ದರು.

ಆಗಿನ ಕೋಲಾರ ಜಿಲ್ಲೆಯ, ಈಗಿನ ಚಿಕ್ಕಬಳ್ಳಾಪುರದ ಆ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕಡಲೆಕಾಯಿ, ರಾಗಿ ಮಳೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಸಣ್ಣ ಹಿಡುವಳಿದಾರರು ಮತ್ತು ಭೂಮಿಯಿಲ್ಲದವರು ಸೇರಿ ಕಟ್ಟಿಕೊಂಡ ಬಾಗೇಪಲ್ಲಿ ಕೂಲಿ ಸಂಘ, ಅದರ ಬೆನ್ನಿಗೆ 1970ರ ದಶಕದಿಂದ ನಿಂತ ಅಡಾಟ್ಸ್ ಸಂಸ್ಥೆ, ಇವೆರಡೂ ಕೂಡಿ ಐದು ತಾಲ್ಲೂಕುಗಳ 5,500 ಮನೆಗಳಿಗೆ ತಲಾ ಎರಡು ಘನ ಮೀಟರಿನ ಗೋಬರ್ ಗ್ಯಾಸ್ ಕಟ್ಟಿಸುವ ಯೋಜನೆ ಹೂಡಿದವು. 2005ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಅದನ್ನು ಸಿಡಿಎಂ ಅಡಿ ನೋಂದಾಯಿಸಿತು.

ತಂತ್ರಜ್ಞಾನ ಕರ್ನಾಟಕಕ್ಕೆ ಹೊಸದಾಗಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಆರಂಭಿಸಿದ 'ಅಸ್ತ್ರ' ಕೇಂದ್ರ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಬೀಡುಬಿಟ್ಟು, ಹಳ್ಳಿಯ ಮನೆ ಎಷ್ಟು ಸೌದೆ ಸುಡುತ್ತದೆ, ಹೆಂಗಸರು ಅದಕ್ಕಾಗಿ ಎಷ್ಟು ಹೊತ್ತು ನಡೆಯುತ್ತಾರೆ ಎಂದು ಅಳೆದಿತ್ತು. ಅಸ್ತ್ರ ಒಲೆ ಮನೆಮನೆಗೆ ಹೋದದ್ದು ಅಲ್ಲಿಂದಲೇ. ಪಕ್ಕದ ಪುರ ಎಂಬ ಹಳ್ಳಿಯಲ್ಲಿ ಊರಿನ ಸಗಣಿಯಿಂದಲೇ ಜನರೇಟರ್ ಓಡಿಸಿ ನೀರೆತ್ತಿ ದೀಪ ಹಚ್ಚಿದ್ದರು. ವಿದ್ಯೆ ಇತ್ತು, ಸಗಣಿ ಇತ್ತು. ಇಟ್ಟಿಗೆ, ಸಿಮೆಂಟು, ಗಾರೆಯವರ ಕೂಲಿ ಇವಕ್ಕೆ ಒಟ್ಟಿಗೆ ತೆರಲು ಕೂಲಿಯವರ ಕೈಯಲ್ಲಿ ದುಡ್ಡಿರಲಿಲ್ಲ.

ಸಂಘ ಜಾಣತನ ತೋರಿದ್ದು ಇಲ್ಲಿ. ಮುಂದೆ ಹುಟ್ಟಲಿರುವ ಕ್ರೆಡಿಟ್ಟುಗಳ ಆಧಾರದ ಮೇಲೆ ಮುಂಗಡ ಹಣ ತಂದು ಘಟಕ ಕಟ್ಟಿಸಿತು. ಸೌದೆ ಮತ್ತು ಸೀಮೆಎಣ್ಣೆ ಉಳಿದದ್ದೇ ಆದಾಯದ ಮೂಲ, ಮನೆಯೊಂದಕ್ಕೆ ವರ್ಷಕ್ಕೆ ಸುಮಾರು ಮೂರೂವರೆ ಟನ್, ಇಡೀ ಯೋಜನೆಗೆ 19,500 ಟನ್ನಿನಷ್ಟು. ಯಾರ ಮನೆಯ ಘಟಕ ಉರಿಯುತ್ತಿದೆ, ಯಾರದು ಕೆಟ್ಟು ನಿಂತಿದೆ ಎಂದು ಸಂಘ ಲೆಕ್ಕವಿಟ್ಟಿತು, ಏಕೆಂದರೆ ಒಲೆ ಉರಿಯದ ದಿನಕ್ಕೆ ಕ್ರೆಡಿಟ್ ಇಲ್ಲ. ಸರ್ಕಾರದ ಸಬ್ಸಿಡಿಯಲ್ಲಿ ಕಟ್ಟಿಸಿದ ಗೋಬರ್ ಗ್ಯಾಸ್ ಗುಂಡಿಗಳು ದುರಸ್ತಿಯಿಲ್ಲದೆ ಪಾಳುಬೀಳುವುದನ್ನು ಹಳ್ಳಿಗಾಡಿನಲ್ಲಿ ನೋಡಿದವರಿಗೆ ಈ ವ್ಯತ್ಯಾಸದ ಬೆಲೆ ಗೊತ್ತು. ಅಲ್ಲಿ ಕಟ್ಟಿದ್ದಕ್ಕೆ ಹಣ, ಇಲ್ಲಿ ಉರಿದದ್ದಕ್ಕೆ ಹಣ. ಹೊಗೆ ಕುಡಿಯದೆ ಅಡುಗೆ ಮಾಡಿದ ಹೆಂಗಸಿನ ಕಣ್ಣು, ಶ್ವಾಸಕೋಶಕ್ಕೆ ಆದ ಒಳಿತು ಯಾವ ಕ್ರೆಡಿಟ್ಟಿನಲ್ಲೂ ಸೇರಿಲ್ಲ. ಹೊಲಕ್ಕೆ ಹೋದ ಸಗಣಿ ಬಗ್ಗಡವೂ ಸೇರಿಲ್ಲ.

ಆದರೆ ಮಾರುಕಟ್ಟೆ ಹೆಂಗಸರ ಮುಖ ನೋಡಿ ಹಣ ಹಂಚಲಿಲ್ಲ. ಟನ್ ಎಲ್ಲಿ ಅಗ್ಗವೋ ಅಲ್ಲಿಗೆ ಹೋಯಿತು. ಭಾರತದ ಮೊದಮೊದಲ ಸಿಡಿಎಂ ಯೋಜನೆಗಳಲ್ಲೊಂದು 2005ರ ಮಾರ್ಚ್‌ನಲ್ಲಿ ನೋಂದಣಿಯಾದ ಗುಜರಾತಿನ ಶೀತಕ ಅನಿಲ ಕಾರ್ಖಾನೆ. ಫ್ರಿಜ್ಜು, ಏಸಿಗಳಿಗೆ ಹಾಕುವ ಎಚ್‌ಸಿಎಫ್‌ಸಿ-22 ತಯಾರಿಸುವಾಗ ಎಚ್‌ಎಫ್‌ಸಿ-23 ಎಂಬ ಅನಿಲ ಉಪೋತ್ಪನ್ನವಾಗಿ ಹೊರಬರುತ್ತದೆ. ಅದರ ಒಂದು ಟನ್, ಆಗಿನ ಲೆಕ್ಕದಲ್ಲಿ, 11,700 ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಕುಲುಮೆಯಲ್ಲಿ ಒಂದು ಟನ್ ಸುಟ್ಟರೆ 11,700 ಕ್ರೆಡಿಟ್. ಅಷ್ಟನ್ನು ಗಳಿಸಲು ಬಾಗೇಪಲ್ಲಿಯ ಕಡೆ ಸುಮಾರು 3,300 ಮನೆಗಳವರು ವರ್ಷವಿಡೀ ಗೋಬರ್ ಗ್ಯಾಸಿನಲ್ಲಿ ಅಡುಗೆ ಮಾಡಬೇಕು. ಸಿಡಿಎಂನ ಮೊದಲ ವರ್ಷಗಳಲ್ಲಿ ಹೊರಬಂದ ಕ್ರೆಡಿಟ್ಟುಗಳಲ್ಲಿ ಹೆಚ್ಚುಕಡಿಮೆ ಅರ್ಧ, ಹತ್ತೊಂಬತ್ತು ಇಂಥ ಕಾರ್ಖಾನೆ ಯೋಜನೆಗಳ ಪಾಲಾಯಿತು. ಈ ಅನಿಲ ಸುಡುವ ಯಂತ್ರಗಳಿಗೆ ನೇರವಾಗಿ ಹಣ ಕೊಟ್ಟಿದ್ದರೆ 10 ಕೋಟಿ ಯೂರೋ ಸಾಕಿತ್ತು, ಕ್ರೆಡಿಟ್ ಮೂಲಕ ಕೊಡುತ್ತಿರುವುದು 470 ಕೋಟಿ ಯೂರೋ ಎಂದು ಮೈಕೆಲ್ ವಾರಾ 2007ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಯುರೋಪ್ ಈ ಕ್ರೆಡಿಟ್ಟುಗಳಿಗೆ ಬಾಗಿಲು ಹಾಕಿದ್ದು 2013ರಲ್ಲಿ. ಅಷ್ಟರೊಳಗೆ ಇಡೀ ಪೇಟೆಯೇ ಕುಸಿದಿತ್ತು. 2008ರಲ್ಲಿ 20 ಯೂರೋ ದಾಟಿದ್ದ ಒಂದು ಟನ್ನಿನ ಬೆಲೆ 2012ರ ಕೊನೆಗೆ ಒಂದು ಯೂರೋಗಿಂತ ಕೆಳಗಿಳಿಯಿತು. ಕಾರ್ಖಾನೆಗಳು ಲಾಭ ಎಣಿಸಿಕೊಂಡು ಹೊರಟವು. ಒಲೆಯ ಯೋಜನೆಗಳು ದುರಸ್ತಿಗೆ ಹಣ ಹುಡುಕಬೇಕಾಯಿತು.

ಬ್ರೆಜಿಲ್ ಕೇಳಿದ್ದರಲ್ಲಿ ಒಂದು ಚೂರು ಮಾತ್ರ ಉಳಿದುಕೊಂಡಿತ್ತು. ಪ್ರತಿ ನೂರು ಸಿಡಿಎಂ ಕ್ರೆಡಿಟ್ಟಿನಲ್ಲಿ ಎರಡನ್ನು ತೆಗೆದಿಟ್ಟು, ಮಾರಿ ಬಂದ ಹಣವನ್ನು ಹವಾಮಾನ ಹೊಂದಾಣಿಕೆ ನಿಧಿಗೆ ಹಾಕುವುದು. ಕೆರೆ, ಬದು, ಬರಕ್ಕೆ ಬಗ್ಗದ ಬಿತ್ತನೆ ಇಂಥವಕ್ಕೆ ಹಣ ಕೊಡುವ ನಿಧಿ ಅದು, ಭಾರತದಲ್ಲಿ ನಬಾರ್ಡ್ ಮೂಲಕ ಬರುತ್ತದೆ. ಆ ಶೇ 2ರಿಂದ ಇಷ್ಟು ವರ್ಷಗಳಲ್ಲಿ ಕೂಡಿದ್ದು ಸುಮಾರು 20 ಕೋಟಿ ಡಾಲರ್. ಜಗತ್ತಿನ ಅಗತ್ಯದ ಮುಂದೆ ಇದು ಚಿಲ್ಲರೆ. ಆದರೂ ಯಾವ ದೇಶದ ಸಂಸತ್ತಿನ ಅನುಮತಿಗೂ ಕಾಯದೆ, ವ್ಯಾಪಾರವಾದಾಗಲೆಲ್ಲ ತಾನಾಗಿ ಬಂದು ಬಿದ್ದ ಹಣ ಅದೊಂದೇ.

ಕೊಡುಗೈ ಭರವಸೆಗಳ ಗತಿ ನೋಡಿ. 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಕೂಡಿಸುತ್ತೇವೆಂದು ಶ್ರೀಮಂತ ದೇಶಗಳು 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಮಾತು ಕೊಟ್ಟವು. ಅವರದೇ ಲೆಕ್ಕದಂತೆ ಅದು ಈಡೇರಿದ್ದು 2022ರಲ್ಲಿ. ಆ ವರ್ಷದ 11,590 ಕೋಟಿಯಲ್ಲಿ ಹೊಂದಾಣಿಕೆಗೆ ಸಿಕ್ಕಿದ್ದು 3,240 ಕೋಟಿ, ಸರ್ಕಾರಿ ಹಣದ ಬಹುಪಾಲು ಸಾಲ. ಬರದಿಂದ ಬಳಲುವವನು ಸಾಲ ತೀರಿಸುವುದೆಲ್ಲಿಂದ? ಸೌರ ಸ್ಥಾವರ ಕಟ್ಟಿದವನು ವಿದ್ಯುತ್ ಮಾರಿ ತೀರಿಸಬಲ್ಲ. ಹೂಳೆತ್ತಿದ ಕೆರೆ ಯಾರಿಗೂ ಬಿಲ್ ಕಳಿಸುವುದಿಲ್ಲ, ಅದರಿಂದ ಟನ್ನೂ ಹುಟ್ಟುವುದಿಲ್ಲ. ಖಾಸಗಿ ಬಂಡವಾಳ ಅತ್ತ ತಿರುಗಿ ನೋಡದಿರುವುದಕ್ಕೆ ಕಾರಣ ಇಷ್ಟೇ.

ಇದು ದೂರದ ಮಾತಲ್ಲ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ರಾಜ್ಯ ಕೇಂದ್ರದಿಂದ 18,171 ಕೋಟಿ ರೂಪಾಯಿ ಕೇಳಿತು, ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು, 2024ರ ಏಪ್ರಿಲ್ ಹೊತ್ತಿಗೆ ಸುಮಾರು 3,454 ಕೋಟಿ ಬಂತು. ಬರ ಬಂದ ಮೇಲೆ ಪರಿಹಾರಕ್ಕೆ ಇಷ್ಟು ಕಾದಾಟವಾದರೆ, ಬರುವ ಮುಂಚಿನ ಸಿದ್ಧತೆಗೆ ಯಾರ ಬಳಿ ಕೈಯೊಡ್ಡುವುದು?

ಪ್ಯಾರಿಸ್ ಒಪ್ಪಂದದಡಿ ಸಿಡಿಎಂ ಜಾಗಕ್ಕೆ ಬರುತ್ತಿರುವ ಹೊಸ ಮಾರುಕಟ್ಟೆಯ ನಿಯಮಗಳು 2024ರಲ್ಲಿ ಬಾಕುವಿನಲ್ಲಿ ಪೂರ್ಣಗೊಂಡವು. ಅದರಲ್ಲಿ ಹೊಂದಾಣಿಕೆ ನಿಧಿಯ ಪಾಲು ಶೇ 2ರಿಂದ 5ಕ್ಕೆ ಏರಿದೆ. ಆದರೆ ದೇಶ ದೇಶಗಳು ನೇರವಾಗಿ ಮಾಡಿಕೊಳ್ಳುವ ವ್ಯಾಪಾರಕ್ಕೆ ಇದು ಕಡ್ಡಾಯವಲ್ಲ, ಮನಸ್ಸಿದ್ದರೆ ಕೊಡಬಹುದು. ಹಿಂದೊಮ್ಮೆ ಮಾಯವಾದ ದಂಡದಂತೆ ಈ ಪಾಲೂ ಅಲ್ಲೇ ಸೋರಿಹೋಗಬಹುದು.

ಭಾರತವೂ ತನ್ನದೇ ಕಾರ್ಬನ್ ಮಾರುಕಟ್ಟೆ ಕಟ್ಟುತ್ತಿದೆ. 2022ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿಯಾಯಿತು, 2023ರ ಜೂನ್‌ನಲ್ಲಿ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆ ಹೊರಬಿತ್ತು, 2025ರ ಅಕ್ಟೋಬರ್‌ನಲ್ಲಿ ಸಿಮೆಂಟು, ಅಲ್ಯೂಮಿನಿಯಂ, ಕಾಗದ, ಕ್ಲೋರ್-ಆಲ್ಕಲಿ ಕಾರ್ಖಾನೆಗಳಿಗೆ ಮೊದಲ ಗುರಿಗಳು ನಿಗದಿಯಾದವು. ನಿಯಮಗಳು ಇನ್ನೂ ಹಸಿಯಾಗಿರುವಾಗಲೇ ನಮ್ಮ ಸಂಸದರು, ರೈತ ಸಂಘಗಳು, ರಾಜ್ಯ ಸರ್ಕಾರ ಒಂದು ಬೇಡಿಕೆ ಇಡಬೇಕು: ಈ ಪೇಟೆಯಲ್ಲಿ ಕೈಬದಲಾಗುವ ಪ್ರತಿ ಕ್ರೆಡಿಟ್ಟಿನಿಂದ ಕನಿಷ್ಠ ಶೇ 5ರಷ್ಟು ಕಡ್ಡಾಯವಾಗಿ ಬರ ಮತ್ತು ನೆರೆಯ ತಾಲ್ಲೂಕುಗಳಿಗೆ, ಸಾಲವಾಗಿ ಅಲ್ಲದೆ ಅನುದಾನವಾಗಿ ಹೋಗಬೇಕು, ಅದನ್ನು ಕಾನೂನಿನಲ್ಲೇ ಬರೆಯಬೇಕು.