ಅಲರ್ಜಿ ಉಲ್ಬಣಿಸಿದರೆ ಕಾಯುತ್ತ ಕೂರಬೇಡಿ

ಸೀವುಡ್ಸ್‌ನ ನಮ್ಮ ಮನೆಗೆ ಊಟಕ್ಕೆ ಬಂದಿದ್ದ ಸಹೋದ್ಯೋಗಿಯೊಬ್ಬರು ಸಿಗಡಿ ಸುಕ್ಕ ತಿಂದ ಹತ್ತೇ ನಿಮಿಷದಲ್ಲಿ ಮೈಯೆಲ್ಲ ದದ್ದು ಎದ್ದು, ತುಟಿ ಊದಿ, ಉಸಿರಿಗೆ ಒದ್ದಾಡತೊಡಗಿದರು. ಹಿಂದೆ ಎಷ್ಟೋ ಸಲ ಸಿಗಡಿ ತಿಂದವರೇ. ‘ಅಜೀರ್ಣವಿರಬೇಕು, ಸ್ವಲ್ಪ ಮಲಗಲಿ’ ಎಂದೆ ನಾನು. ಮಗಳು ಕೇಳಲಿಲ್ಲ, ಆಸ್ಪತ್ರೆಗೆ ಕರೆದೊಯ್ದಳು. ತೊಡೆಗೆ ಕೊಟ್ಟ ಅಡ್ರಿನಲಿನ್ ಚುಚ್ಚುಮದ್ದು ಅವರನ್ನು ಉಳಿಸಿತು.

ಇದನ್ನು ವೈದ್ಯರು ಅನಾಫಿಲಾಕ್ಸಿಸ್ ಎನ್ನುತ್ತಾರೆ. ಜೀವಮಾನದಲ್ಲಿ ಒಮ್ಮೆಯಾದರೂ ಇದಕ್ಕೆ ಗುರಿಯಾಗುವವರು ನೂರಕ್ಕೆ 0.3ರಿಂದ 5.1 ಮಂದಿ ಎಂಬುದು ಜಾಗತಿಕ ಅಂದಾಜು. ಸಾವು ಅಪರೂಪ, ಆದರೆ ಚಿಕಿತ್ಸೆ ತಡವಾದಷ್ಟೂ ಅಪಾಯ ಹೆಚ್ಚು.

ಮಕ್ಕಳಲ್ಲಿ ಹಾಲು, ಮೊಟ್ಟೆ, ಶೇಂಗಾದಂಥ ಆಹಾರವೇ ಮುಖ್ಯ ಕಾರಣ. ದೊಡ್ಡವರಲ್ಲಿ ಪೆನಿಸಿಲಿನ್, ನೋವಿನ ಮಾತ್ರೆಗಳಂಥ ಔಷಧ, ಜೇನ್ನೊಣ-ಕಣಜದ ಕಡಿತ, ಸಿಗಡಿ-ಏಡಿ.

ಹಾಗೆಂದು ರಕ್ತಪರೀಕ್ಷೆಯ ವರದಿಯೊಂದನ್ನೇ ನಂಬಿ ಊಟ ಬಿಡಬೇಕಿಲ್ಲ. ಕರ್ನಾಟಕದ ವಯಸ್ಕರ ಕುರಿತು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 26.5 ಮಂದಿಯ ರಕ್ತ ಯಾವುದಾದರೊಂದು ಆಹಾರಕ್ಕೆ ಪ್ರತಿಕ್ರಿಯೆ ತೋರಿತ್ತು. ಆಹಾರದ ಅಲರ್ಜಿ ಇರಬಹುದಾದವರು ಶೇ. 1.2 ಮಾತ್ರ. ವೈದ್ಯರನ್ನು ಕೇಳಿಯೇ ನಿರ್ಧರಿಸಿ.

ಲಕ್ಷಣ ಕಂಡರೆ ರೋಗಿಯನ್ನು ನಡೆಸಬೇಡಿ. ಅಂಗಾತ ಮಲಗಿಸಿ, ಉಸಿರು ಕಟ್ಟುತ್ತಿದ್ದರೆ ಕೂರಿಸಿ. 108ಕ್ಕೆ ಕರೆ ಮಾಡಿ. ಚೇತರಿಸಿಕೊಂಡರೂ ಕೆಲವು ತಾಸಿನ ನಂತರ ಮರುಕಳಿಸಬಹುದು, ಆಸ್ಪತ್ರೆಯಲ್ಲೇ ಇರಲಿ.

ಸಂಘದ ಬಂಧುಗಳಲ್ಲಿ ಒಂದು ವಿನಂತಿ: ಮುಂದಿನ ಸಹಭೋಜನದಲ್ಲಿ ಪ್ರತಿ ಪದಾರ್ಥದ ಎದುರು ಅದರಲ್ಲಿ ಏನೇನಿದೆ ಎಂದು ಒಂದು ಚೀಟಿ ಇಡೋಣ.