ತಂತಿಯ ಕೀಗಳೂ ಅವುಗಳ ಸಂಗ್ರಹವೂ

ಅಂಚೆಚೀಟಿಗಳನ್ನೂ ಹಳೆಯ ನಾಣ್ಯಗಳನ್ನೂ ಕೂಡಿಸಿಡುವವರನ್ನು ನಮ್ಮ ವಾಚಕರೆಲ್ಲರೂ ಬಲ್ಲರು. ತಂತಿಯ ಸಮಾಚಾರವನ್ನು ಕಳುಹಿಸುವುದಕ್ಕಾಗಿ ಉಪಯೋಗಿಸುತ್ತಿದ್ದ ‘ಮೋರ್ಸ್ ಕೀ’ ಎಂಬ ಚಿಕ್ಕ ಉಪಕರಣಗಳನ್ನು ಕೂಡಿಸುವವರೂ ಲೋಕದಲ್ಲಿ ಉಂಟು. ಅಂಗೈಯಗಲದ ಈ ಹಿತ್ತಾಳೆಯ ವಸ್ತುವಿನಲ್ಲಿ ಅಂತಹ ವಿಶೇಷವೇನಿದೆಯೆಂದು ಕೆಲವರು ಕೇಳಬಹುದು. ಒಂದು ಕೀಗೂ ಮತ್ತೊಂದಕ್ಕೂ ಇರುವ ಸಣ್ಣ ಭೇದಗಳಲ್ಲಿ, ಅವುಗಳನ್ನು ಒತ್ತಿ ದುಡಿದ ಕೈಗಳ ಚರಿತ್ರೆಯು ಅಡಗಿದೆಯೆಂಬುದೇ ನಮ್ಮ ಉತ್ತರವು.

ಕೀಯ ಕೆಲಸವು ಬಹು ಸರಳವಾದುದು. ಅಚ್ಚಿನ ಮೇಲೆ ಆಡುವ ಒಂದು ಸನ್ನೆ, ಅದರ ತುದಿಯಲ್ಲಿ ಬೆರಳಿಡುವ ಗುಂಡಿ, ಸನ್ನೆಯನ್ನು ಮೇಲೆತ್ತುವ ಸ್ಪ್ರಿಂಗು, ಇವೇ ಮುಖ್ಯ ಭಾಗಗಳು. ಗುಂಡಿಯನ್ನು ಒತ್ತಿದರೆ ಎರಡು ಲೋಹದ ಮೊನೆಗಳು ಒಂದನ್ನೊಂದು ಮುಟ್ಟಿ ವಿದ್ಯುತ್ತು ಹರಿಯುವುದು, ಬಿಟ್ಟರೆ ನಿಲ್ಲುವುದು. ಸ್ವಲ್ಪ ಹೊತ್ತು ಒತ್ತಿದರೆ ಚುಕ್ಕೆ, ಹೆಚ್ಚು ಹೊತ್ತು ಒತ್ತಿದರೆ ಗೀಟು. ಇಂಗ್ಲಿಷಿನ ‘ಇ’ ಅಕ್ಷರಕ್ಕೆ ಒಂದು ಚುಕ್ಕೆ, ‘ಟಿ’ ಅಕ್ಷರಕ್ಕೆ ಒಂದು ಗೀಟು. ಹೀಗೆಯೇ ಉಳಿದ ಅಕ್ಷರಗಳೂ ಆಗುವವು.

1844ನೆಯ ಇಸವಿ ಮೇ 24ರಂದು ಅಮೇರಿಕಾದ ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ಸಾಮ್ಯುಯೆಲ್ ಮೋರ್ಸ್ ಎಂಬವರು ಪ್ರಸಿದ್ಧವಾದ ಮೊದಲನೆಯ ಸಮಾಚಾರವನ್ನು ಕಳುಹಿಸಿದರು. ಅದು ಸತ್ಯವೇದದ ಅರಣ್ಯಕಾಂಡದ ಒಂದು ವಾಕ್ಯವಾಗಿತ್ತು. ಅದನ್ನು ಆರಿಸಿಕೊಟ್ಟವಳು ಆ್ಯನಿ ಎಲ್ಸ್‌ವರ್ತ್ ಎಂಬ ತರುಣಿಯು. ಎರಡೇ ವರ್ಷಗಳ ತರುವಾಯ, 1846ರಲ್ಲಿ, ಸಾರಾ ಬ್ಯಾಗ್ಲಿ ಎಂಬಾಕೆಯು ಲೋವೆಲ್ ಪಟ್ಟಣದ ತಂತಿ ಆಫೀಸಿನಲ್ಲಿ ಕೆಲಸಕ್ಕೆ ಸೇರಿ, ಈ ಉದ್ಯೋಗಕ್ಕೆ ಬಂದ ಸ್ತ್ರೀಯರಲ್ಲಿ ಮೊದಲಿಗಳೆನಿಸಿಕೊಂಡಳು. ಆದಕಾರಣ ಈ ಕೀಗಳ ಚರಿತ್ರೆಯು ಪುರುಷರದು ಮಾತ್ರವಲ್ಲವೆಂಬುದನ್ನು ನಮ್ಮ ವಿದ್ಯಾರ್ಥಿನಿಯರು ನೆನಪಿಡತಕ್ಕದ್ದು.

ಮೋರ್ಸರ ಸಹಕಾರಿಯಾದ ಆಲ್ಫ್ರೆಡ್ ವೇಲ್ ಮಾಡಿದ ಮೊದಮೊದಲಿನ ಕೀಗಳು ತೀರ ಸಾಮಾನ್ಯವಾಗಿದ್ದವು. ಅನಂತರ ಬಂದವುಗಳಲ್ಲಿ ಸನ್ನೆಯು ನಡುವೆ ಒಂಟೆಯ ಬೆನ್ನಿನಂತೆ ಉಬ್ಬಿರುವುದರಿಂದ, ಸಂಗ್ರಾಹಕರು ಅವನ್ನು ‘ಒಂಟೆಬೆನ್ನಿನ ಕೀ’ ಎನ್ನುವರು. ಹಿತ್ತಾಳೆಯ ಸನ್ನೆಗಳಲ್ಲಿ ಅಚ್ಚನ್ನು ಬೇರೆಯಾಗಿ ಮಾಡಿ ಕೂಡಿಸುತ್ತಿದ್ದುದರಿಂದ ಅದು ಕಾಲಕ್ರಮದಲ್ಲಿ ಸಡಿಲವಾಗುತ್ತಿತ್ತು. 1881ರಲ್ಲಿ ಜೇಮ್ಸ್ ಬನ್ನೆಲ್ ಎಂಬವನು ಸನ್ನೆಯನ್ನೂ ಅಚ್ಚನ್ನೂ ಒಂದೇ ಉಕ್ಕಿನ ತುಂಡಿನಿಂದ ಮಾಡುವ ಕ್ರಮಕ್ಕೆ ಪೇಟೆಂಟು ಪಡೆದನು. ಇವುಗಳಲ್ಲಿಯೂ ಎರಡು ಬಗೆಗಳುಂಟು. ಮೇಜನ್ನು ತೂರಿ ಕೆಳಗಿಳಿಯುವ ಎರಡು ಉದ್ದವಾದ ತಿರುಪುಮೊಳೆಗಳಿದ್ದರೆ ಅದು ಕಾಲಿರುವ ಕೀ; ಅವಿಲ್ಲದೆ ತಂತಿಗಳನ್ನು ಮೇಲುಗಡೆಯಲ್ಲಿಯೇ ಸೇರಿಸುವಂತಿದ್ದರೆ ಕಾಲಿಲ್ಲದ ಕೀ.

ಕೀಯ ಪಕ್ಕದಲ್ಲಿ ಮತ್ತೊಂದು ಪುಟ್ಟ ಸನ್ನೆಯಿದೆಯೋ ಎಂಬುದನ್ನೂ ಸಂಗ್ರಾಹಕನು ನೋಡುವನು. ಅಮೇರಿಕಾದ ತಂತಿಮಾರ್ಗಗಳಲ್ಲಿ ಯಾರೂ ಸಮಾಚಾರ ಕಳುಹಿಸದಿರುವಾಗಲೂ ವಿದ್ಯುತ್ತು ಹರಿಯುತ್ತಿರಬೇಕಾಗಿತ್ತು. ಆದ್ದರಿಂದ ಕೆಲಸ ಮುಗಿದೊಡನೆ ಈ ಸನ್ನೆಯಿಂದ ಮಾರ್ಗವನ್ನು ಮುಚ್ಚುತ್ತಿದ್ದರು. ಬ್ರಿಟನ್ನಿನ ಅಂಚೆ ಇಲಾಖೆಯ ಸಾಮಾನ್ಯ ಕೀಗಳಲ್ಲಿ ಇದು ಇಲ್ಲ. ಅಲ್ಲಿ ಕೀಯನ್ನು ಒತ್ತಿದಾಗ ಮಾತ್ರ ವಿದ್ಯುತ್ತು ಹೋಗುತ್ತಿತ್ತು. ಹೀಗೆ ಒಂದು ಚಿಕ್ಕ ತುಂಡಿನಿಂದಲೇ ಕೀಯು ಯಾವ ಪದ್ಧತಿಯ ಮಾರ್ಗಕ್ಕೆ ಸೇರಿದುದೆಂದು ಊಹಿಸಬಹುದು.

ಎಲ್ಲಕ್ಕಿಂತ ದೊಡ್ಡ ಮಾರ್ಪಾಟಿಗೆ ಕಾರಣವಾದುದು ನೋವು. ದಿನವೆಲ್ಲಾ ಮೇಲೆ ಕೆಳಗೆ ಒತ್ತುತ್ತಿದ್ದವರ ಮಣಿಕಟ್ಟು ಬಿಗಿದುಕೊಂಡು, ಕೈ ಸ್ವಾಧೀನ ತಪ್ಪುತ್ತಿತ್ತು. ಅಮೇರಿಕಾದವರು ಇದಕ್ಕೆ ‘ಗಾಜಿನ ತೋಳು’ ಎಂದು ಹೆಸರಿಟ್ಟರು. ಬ್ರಿಟನ್ನಿನಲ್ಲಿ 1908ರಲ್ಲಿ ಇದನ್ನು ಪರಿಹಾರಕ್ಕೆ ಅರ್ಹವಾದ ಕಸುಬಿನ ರೋಗಗಳ ಪಟ್ಟಿಗೆ ಸೇರಿಸಲಾಯಿತು. ಹೊಟ್ಟೆಯ ಪಾಡಿಗೆ ಕೈಯೊಂದನ್ನೇ ನಂಬಿದವರಿಗೆ ಇದು ಎಂತಹ ಸಂಕಟ! ಆಗ ಮೇಲೆ ಕೆಳಗೆ ಒತ್ತುವ ಬದಲು ಪಕ್ಕಕ್ಕೆ ತಳ್ಳುವ ಕೀಗಳು ಹುಟ್ಟಿದವು. ಹೊರೇಸ್ ಮಾರ್ಟಿನ್ ಎಂಬವನು 1904ರಲ್ಲಿ ಪೇಟೆಂಟು ಪಡೆದ ‘ವೈಬ್ರೋಪ್ಲೆಕ್ಸ್’ ಯಂತ್ರದಲ್ಲಿ, ತೂಕ ಕಟ್ಟಿದ ಕಡ್ಡಿಯೊಂದು ನಡುಗುತ್ತಾ ಚುಕ್ಕೆಗಳನ್ನು ತಾನಾಗಿಯೇ ಮಾಡುವುದು. ಗೀಟುಗಳನ್ನು ಮಾತ್ರ ಕೈಯಿಂದ ಮಾಡಬೇಕು. ಅನೇಕ ನೌಕರರು ಇದನ್ನು ಸ್ವಂತ ಹಣದಿಂದ ಕೊಂಡು, ಆಫೀಸಿನಿಂದ ಆಫೀಸಿಗೆ ತಮ್ಮೊಂದಿಗೆ ಒಯ್ಯುತ್ತಿದ್ದರು. 1914ರಲ್ಲಿ ಬಂದ ‘ಬ್ಲೂ ರೇಸರ್’ ಎಂಬ ಮಾದರಿಯು ಗಾತ್ರದಲ್ಲಿ ಚಿಕ್ಕದು. ಹೆಸರಿನ ತಗಡಿನ ಮೇಲಿರುವ ಅಂಕೆಯಿಂದಲೂ ಕಂಪೆನಿಯ ವಿಳಾಸದಿಂದಲೂ ಯಂತ್ರದ ವಯಸ್ಸನ್ನು ಗೊತ್ತುಮಾಡುವರು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೇರಿಕಾದ ಸೈನ್ಯದವರು ಅಭ್ಯಾಸಕ್ಕಾಗಿ ಉಪಯೋಗಿಸಿದ ‘ಜೆ-38’ ಎಂಬ ಕೀಯನ್ನು ಹಲವು ಕಾರ್ಖಾನೆಗಳು ತಯಾರಿಸಿದವು. ಮಕ್ಕಳ ಆಟದ ರೈಲುಗಳನ್ನು ಮಾಡುತ್ತಿದ್ದ ಲಯನೆಲ್ ಕಂಪೆನಿಯೂ ಅವುಗಳಲ್ಲೊಂದು. ಹೆಸರು ಒಂದೇ ಆದರೂ ಗುರುತುಗಳಲ್ಲಿ ಭೇದವಿರುವುದರಿಂದ, ಇವೆಲ್ಲವನ್ನೂ ಕೂಡಿಸುವುದೇ ಕೆಲವರಿಗೆ ಒಂದು ವ್ರತದಂತಾಗಿದೆ.

ಸಂಗ್ರಹಿಸುವವರು ಒಂದು ವಿಷಯದಲ್ಲಿ ಎಚ್ಚರವಾಗಿರಬೇಕು. ಹಳೆಯ ಕೀ ದೊರೆತೊಡನೆ ಹುಣಿಸೆಹಣ್ಣು ಹಾಕಿ ಪಾತ್ರೆಯಂತೆ ತಿಕ್ಕಿ ಬೆಳಗಿಸಿದರೆ, ಮೊದಲಿನ ಮೆರುಗೆಣ್ಣೆಯೂ ಅಕ್ಷರಗಳೂ ಅಳಿದುಹೋಗುವುವು. ಬೆರಳಿನಿಂದ ಸವೆದ ಗುಂಡಿಯನ್ನು ತೆಗೆದು ಹೊಸದನ್ನು ಹಾಕಿದರೆ, ದುಡಿದ ಕೈಯ ಸಾಕ್ಷಿಯೇ ಹೋಗುವುದು. ಮೃದುವಾದ ಬಟ್ಟೆಯಿಂದ ಧೂಳನ್ನು ಒರೆಸಿ, ಎಲ್ಲಿ ಯಾರಿಂದ ದೊರೆಯಿತೆಂದು ಚೀಟಿಯಲ್ಲಿ ಬರೆದಿಡುವುದೇ ಲೇಸು.

ನಮ್ಮ ದೇಶದಲ್ಲಿ ಬಾಗಿಲಿಗೆ ತಂತಿ ಬಂದಿತೆಂದರೆ, ಒಡೆದು ಓದುವ ಮೊದಲೇ ಮನೆಮಂದಿಯ ಎದೆ ನಡುಗುತ್ತಿದ್ದ ಕಾಲವೊಂದಿತ್ತು. 2013ನೆಯ ಇಸವಿ ಜುಲೈ 14ರಂದು ಕೊನೆಯ ತಂತಿಗಳನ್ನು ಸ್ವೀಕರಿಸಿ, ಆ ಸೇವೆಯನ್ನು ನಿಲ್ಲಿಸಲಾಯಿತು. ಈಗ ಮೋರ್ಸ್ ಸಂಜ್ಞೆಗಳನ್ನು ಮುಖ್ಯವಾಗಿ ಹವ್ಯಾಸಿ ರೇಡಿಯೋದವರು ಪ್ರೀತಿಯಿಂದ ಉಳಿಸಿಕೊಂಡಿರುವರು. ಜನನ ಮರಣಗಳ ಸುದ್ದಿಯನ್ನು ಊರಿಂದೂರಿಗೆ ಮುಟ್ಟಿಸಿದ ನೌಕರರಲ್ಲಿ ಬಹುಮಂದಿಯ ಹೆಸರುಗಳು ಯಾವ ಪುಸ್ತಕದಲ್ಲಿಯೂ ಇಲ್ಲ. ಅವರು ಸವೆಸಿದ ಕೀಗಳಾದರೂ ಉಳಿಯಲಿ. ನಮ್ಮ ವಾಚಕರ ಮನೆಯ ಅಟ್ಟದಲ್ಲಿ ಅಂತಹದೊಂದು ಇದ್ದರೆ, ಗುಜರಿಗೆ ಹಾಕುವ ಮೊದಲು ಅದನ್ನೊಮ್ಮೆ ಕೈಯಲ್ಲಿ ಹಿಡಿದು ನೋಡಬೇಕೆಂದು ಕೋರುವೆವು.